ಜಾರುವ ಭುಜ, ಸವೆಯುವ ಅಂಚು

ಕೋಲಾರದ ಎಪಿಎಂಸಿ ಮಂಡಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸನ್ನು ಲಾರಿಯ ಮೇಲಿನ ಸಾಲಿಗೆ ಎತ್ತಿ ಕೊಡುವ ಹಮಾಲಿ, ಶ್ರೀನಿವಾಸಪುರದ ತೋಪಿನಲ್ಲಿ ತಲೆಯ ಮೇಲೆ ದೋಟಿ ಚಾಚಿ ತೋತಾಪುರಿ ಕೀಳುವ ಆಳು, ಮಾಲೂರಿನಲ್ಲಿ ರೈಲು ಹತ್ತಿ ಬೆಂಗಳೂರಿನವರೆಗೂ ಮೇಲಿನ ಹಿಡಿಕೆಗೆ ಜೋತುಬಿದ್ದು ನಿಲ್ಲುವ ನೌಕರ, ಮುಳಬಾಗಿಲು ಕಡೆಯ ಊರಹಬ್ಬದ ರಾತ್ರಿ ಲೈಟಿನ ಬೆಳಕಲ್ಲಿ ರೈಡರ್‌ನ ಸೊಂಟಕ್ಕೆ ಕೈ ಹಾಕುವ ಕಬಡ್ಡಿ ಹುಡುಗ. ಈ ನಾಲ್ವರ ತೋಳೂ ದಿನದಲ್ಲಿ ಒಮ್ಮೆಯಾದರೂ ಒಂದೇ ಭಂಗಿಗೆ ಬಂದಿರುತ್ತದೆ. ಮೊಣಕೈ ಭುಜದ ಎತ್ತರಕ್ಕೆ, ಅಂಗೈ ಹೊರಕ್ಕೆ, ತೋಳು ಕೊಂಚ ಹಿಂದಕ್ಕೆ. ಭುಜ ಕಳಚಿಕೊಳ್ಳಲು ಇದಕ್ಕಿಂತ ಅನುಕೂಲದ ಭಂಗಿ ಇನ್ನೊಂದಿಲ್ಲ. ಮೂಳೆ ಡಾಕ್ಟರು ಪರೀಕ್ಷೆ ಮಾಡುವಾಗ ಬೇಕೆಂದೇ ತೋಳನ್ನು ಹೀಗೆ ತಿರುಗಿಸಿ ನೋಡುತ್ತಾರೆ. ಹಿಂದೆ ಭುಜ ಜಾರಿಸಿಕೊಂಡವನು ನೋವಾಗುವ ಮುಂಚೆಯೇ ಮುಖ ಕಿವುಚಿ ‘ಬೇಡ ಸಾರ್, ಬಂದ್ಬಿಡ್ತದೆ’ ಎಂದು ಕೈ ಎಳೆದುಕೊಳ್ಳುತ್ತಾನೆ. ಆ ಹೆದರಿಕೆಯೇ ಕಾಯಿಲೆಯ ಗುರುತು. ಎಷ್ಟೋ ಸಲ ಎಕ್ಸ್‌ರೇಗಿಂತ ಅದೇ ಹೆಚ್ಚು ಹೇಳುತ್ತದೆ.

ದೇಹದ ದೊಡ್ಡ ಕೀಲುಗಳಲ್ಲಿ ಅತಿ ಹೆಚ್ಚು ತಪ್ಪುವುದು ಭುಜವೇ. ಸೊಂಟದಲ್ಲಿ ತೊಡೆಮೂಳೆಯ ತಲೆ ಆಳವಾದ ಗುಳಿಯೊಳಗೆ ಹುದುಗಿ ಕೂತಿದೆ, ಅದನ್ನು ಕೀಳಬೇಕಾದರೆ ಬಸ್ಸೇ ಗುದ್ದಬೇಕು. ಭುಜದಲ್ಲಿ ಹಾಗಿಲ್ಲ. ಸಾಸರಿನ ಮೇಲೆ ಇಟ್ಟ ಟೊಮೆಟೊದಂತೆ, ತೋಳುಮೂಳೆಯ ದೊಡ್ಡ ತಲೆಯಲ್ಲಿ ಯಾವ ಹೊತ್ತಿನಲ್ಲೂ ಹೆಚ್ಚೆಂದರೆ ಮೂರರಲ್ಲೊಂದು ಪಾಲು ಗುಳಿಗೆ ತಾಗಿರುತ್ತದೆ. ಬೆನ್ನು ಕೆರೆದುಕೊಳ್ಳುವುದಕ್ಕೂ ಮರ ಹತ್ತುವುದಕ್ಕೂ ಒಂದೇ ಕೀಲು ಸಾಕಾಗುವುದು ಈ ಸಡಿಲದಿಂದ. ಗುಳಿಯ ಸುತ್ತ ‘ಲೇಬ್ರಮ್’ ಎಂಬ ಗಟ್ಟಿ ನಾರಿನ ಅಂಚು ಇದೆ. ಗುಳಿಯ ಆಳದಲ್ಲಿ ಸುಮಾರು ಅರ್ಧ ಅದರದೇ. ಭುಜ ಜಾರಿದಾಗ ನೂರಕ್ಕೆ ತೊಂಬತ್ತೈದು ಸಲ ತಲೆ ಮುಂದಕ್ಕೆ ಬರುತ್ತದೆ, ಬರುವಾಗ ಮುಂಭಾಗದ ಕೆಳ ಅಂಚನ್ನು ಮೂಳೆಯಿಂದ ಕಿತ್ತುಕೊಂಡು ಬರುತ್ತದೆ. ಜರ್ಮನಿಯ ಪರ್ಥೆಸ್ 1906ರಲ್ಲೇ ಇದನ್ನು ಹೇಳಿದ್ದರು. ಆದರೆ ಹೆಸರು ನಿಂತದ್ದು ಲಂಡನ್ನಿನ ಬ್ಲಂಡೆಲ್ ಬ್ಯಾಂಕಾರ್ಟ್ ಅವರದು. 1923ರಲ್ಲಿ ಅವರು ಬರೆದ ಪುಟ್ಟ ಲೇಖನದಿಂದಾಗಿ ಇವತ್ತಿಗೂ ಹೀಗೆ ಅಂಚು ಕಿತ್ತುಬರುವುದಕ್ಕೆ ಬ್ಯಾಂಕಾರ್ಟ್ ಗಾಯ ಎಂದೇ ಹೆಸರು, ಅದನ್ನು ಹೊಲಿಯುವ ಆಪರೇಷನ್ನಿಗೆ ಬ್ಯಾಂಕಾರ್ಟ್ ರಿಪೇರಿ ಎಂದು. ಮುಂದೆ ಬಂದ ತಲೆಯ ಹಿಂಬದಿ ಗುಳಿಯ ಅಂಚಿಗೆ ಗುದ್ದಿ ತಗ್ಗು ಬೀಳುತ್ತದೆ. ಈ ತಗ್ಗನ್ನು 1940ರಲ್ಲಿ ವಿವರಿಸಿದ ಹಿಲ್ ಮತ್ತು ಸ್ಯಾಕ್ಸ್ ಇಬ್ಬರೂ ಎಕ್ಸ್‌ರೇ ತಜ್ಞರು.

ಹೊಲಿಯುವ ವಿದ್ಯೆ ನೂರು ವರ್ಷದ್ದು, ಕೂರಿಸುವ ವಿದ್ಯೆ ಮೂರು ಸಾವಿರ ವರ್ಷದ್ದು. ಈಜಿಪ್ಟಿನ ಇಪುಯ್ ಎಂಬುವನ ಗೋರಿಯ ಗೋಡೆಚಿತ್ರದಲ್ಲಿ ಕೆಲಸಗಾರನೊಬ್ಬನ ಕೈ ಹಿಡಿದು ಭುಜ ಕೂರಿಸುತ್ತಿರುವ ದೃಶ್ಯವಿದೆ. ನಮ್ಮ ಸುಶ್ರುತ ಕೀಲು ತಪ್ಪುವುದನ್ನು ಆರು ಬಗೆ ಮಾಡಿ, ಭುಜ ತಪ್ಪಿದವನ ಕಂಕುಳಲ್ಲಿ ಒನಕೆ ಇಟ್ಟು ಮೇಲಕ್ಕೆತ್ತಿ, ಕೂತ ಮೇಲೆ ಸ್ವಸ್ತಿಕದ ಆಕಾರದಲ್ಲಿ ಪಟ್ಟಿ ಕಟ್ಟಬೇಕೆಂದ. ಗ್ರೀಸಿನ ಹಿಪ್ಪೊಕ್ರಾಟಿಸ್ ಕಂಕುಳಿಗೆ ಹಿಮ್ಮಡಿ ಕೊಟ್ಟು ಕೈ ಎಳೆಯುತ್ತಿದ್ದ. ಅವನು ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದ, ನನಗೆ ಹೆಚ್ಚು ಕುತೂಹಲ ಅದರ ಬಗ್ಗೆ. ಮತ್ತೆ ಮತ್ತೆ ಜಾರುವ ಭುಜಕ್ಕೆ ಕಂಕುಳಿನೊಳಗೆ ಕಾದ ಕಬ್ಬಿಣದ ಬರೆ ಹಾಕುತ್ತಿದ್ದ. ಸುಟ್ಟ ಜಾಗ ಗಟ್ಟಿ ಕಲೆಯಾಗಿ, ಮೂಳೆಯ ತಲೆ ಹೊರಬರುವ ದಾರಿ ಮುಚ್ಚಲಿ ಎಂದು. ಕೂರಿಸುವುದು ಬೇರೆ, ಕೂತಲ್ಲೇ ನಿಲ್ಲಿಸುವುದು ಬೇರೆ ಎಂಬುದು ಅವನಿಗೆ ಗೊತ್ತಿತ್ತು. ಕೋಲಾರ ಜಿಲ್ಲೆಯಲ್ಲಿ ಈಗಲೂ ಗೊಂದಲವಾಗುವುದು ಇಲ್ಲೇ.

ಇಲ್ಲಿ ಮೂಳೆ ಮುರಿದರೂ ಕೀಲು ತಪ್ಪಿದರೂ ಮೊದಲು ನೆನಪಾಗುವುದು ಪುತ್ತೂರು ಕಟ್ಟು. ಮುಳಬಾಗಿಲು ದಾಟಿ ಚಿತ್ತೂರಿನ ಮೇಲೆ ಹೋದರೆ ಆಂಧ್ರದ ಪುತ್ತೂರು. ಅಲ್ಲಿಗೆ ಹೋಗಲಾಗದವರಿಗೆ ಅದೇ ಹೆಸರಿನ ಬೋರ್ಡುಗಳು ಕೋಲಾರದಲ್ಲೂ ಬೆಂಗಳೂರಿನಲ್ಲೂ ಸಿಗುತ್ತವೆ. ತಲೆತಲಾಂತರದಿಂದ ಕಟ್ಟು ಹಾಕುತ್ತಾ ಬಂದವರ ಕೈಚಳಕವನ್ನು ನಾನು ಅಲ್ಲಗಳೆಯುವುದಿಲ್ಲ. ತಪ್ಪಿದ ಭುಜವನ್ನು ಅವರು ಕೂರಿಸಿಬಿಡಬಹುದು. ನನ್ನ ತಕರಾರು ಎರಡೇ. ಎಕ್ಸ್‌ರೇ ಇಲ್ಲದೆ ಎಳೆದರೆ, ಕೀಲಿನ ಜೊತೆ ಮೂಳೆಯೂ ಸೀಳಿದೆಯೇ ಎಂಬುದು ತಿಳಿಯದು. ಸೀಳಿದ ಮೂಳೆಯನ್ನು ಎಳೆದರೆ ಮುರಿತ ದೊಡ್ಡದಾಗುತ್ತದೆ. ಇನ್ನು ಭುಜ ತಪ್ಪಿ ವಾರಗಳೇ ಕಳೆದಿದ್ದರೆ ಬಲವಂತವಾಗಿ ಎಳೆಯಲೇಬಾರದು. ಅಷ್ಟರಲ್ಲಿ ಕಂಕುಳಿನ ದೊಡ್ಡ ರಕ್ತನಾಳ ಸುತ್ತಲ ಮಾಂಸಕ್ಕೆ ಅಂಟಿಕೊಂಡಿರುತ್ತದೆ, ಹರಿದರೆ ಪ್ರಾಣಕ್ಕೇ ಬರುತ್ತದೆ.

ಕಟ್ಟಿನ ಬಗ್ಗೆ ಆಸ್ಪತ್ರೆಯವರೂ ಬಹಳ ಹೆಮ್ಮೆ ಪಡುವಂತಿಲ್ಲ. ಸ್ವೀಡನ್ನಿನ ಹೊವೆಲಿಯಸ್ ಎಂಬ ವೈದ್ಯರು 1978ರಿಂದ, ಮೊದಲ ಸಲ ಭುಜ ತಪ್ಪಿದ 12ರಿಂದ 40 ವಯಸ್ಸಿನ ಇನ್ನೂರೈವತ್ತಕ್ಕೂ ಹೆಚ್ಚು ಜನರನ್ನು 25 ವರ್ಷ ಬೆನ್ನುಹತ್ತಿದರು. ಕೆಲವರಿಗೆ ಮೂರು ನಾಲ್ಕು ವಾರ ತೋಳು ಕಟ್ಟಿಹಾಕಿದ್ದರು, ಕೆಲವರಿಗೆ ನೋವು ಕಡಿಮೆಯಾಗುವವರೆಗೆ ಜೋಳಿಗೆ ಹಾಕಿ ಬಿಟ್ಟಿದ್ದರು. ಮತ್ತೆ ಜಾರುವುದರಲ್ಲಿ ಎರಡು ಗುಂಪಿಗೂ ವ್ಯತ್ಯಾಸವೇ ಕಾಣಲಿಲ್ಲ. ಅಂದರೆ ಪುತ್ತೂರಿನ ಕಟ್ಟಾಗಲಿ ಆಸ್ಪತ್ರೆಯ ಪಟ್ಟಿಯಾಗಲಿ ನೋವಿಗೆ ಆರಾಮ ಕೊಡುತ್ತದೆಯೇ ಹೊರತು ಕಿತ್ತ ಅಂಚನ್ನು ಅದರ ಜಾಗಕ್ಕೆ ತಂದು ಅಂಟಿಸುವುದಿಲ್ಲ. ಇದೇ ಅಧ್ಯಯನದ ಇನ್ನೊಂದು ಮುಖ ಆಪರೇಷನ್ ಅವಸರದವರಿಗೆ ಇಷ್ಟವಾಗದು. 25 ವರ್ಷದ ಕೊನೆಗೆ ಅರ್ಧಕ್ಕೂ ಹೆಚ್ಚು ಭುಜಗಳು ಮತ್ತೆ ಜಾರಿರಲೇ ಇಲ್ಲ, ಅಥವಾ ಕೆಲವು ಸಲ ಜಾರಿ ಕಾಲಕ್ರಮೇಣ ತಾವೇ ನಿಂತಿದ್ದವು. ಆಪರೇಷನ್ ಬೇಕಾದದ್ದು ಹೆಚ್ಚುಕಡಿಮೆ ನಾಲ್ಕರಲ್ಲೊಂದಕ್ಕೆ. ಹಾಗಾಗಿ ಮೊದಲ ಸಲ ಜಾರಿದ ಎಲ್ಲರನ್ನೂ ಟೇಬಲ್ಲಿಗೆ ಹತ್ತಿಸಬೇಕೆಂಬ ಮಾತನ್ನು ನಾನು ಒಪ್ಪುವುದಿಲ್ಲ.

ಮತ್ತೆ ಜಾರುತ್ತದೆಯೇ ಎಂಬುದನ್ನು ಎಲ್ಲಕ್ಕಿಂತ ಹೆಚ್ಚು ತೀರ್ಮಾನಿಸುವುದು ವಯಸ್ಸು. ಬಾಸ್ಟನ್ನಿನ ಕಾರ್ಟರ್ ರೋ 1956ರಲ್ಲಿ ಕೊಟ್ಟ ಲೆಕ್ಕದಲ್ಲಿ ಇಪ್ಪತ್ತರೊಳಗಿನವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಭುಜಗಳು ಮತ್ತೆ ಜಾರಿದವು, ನಲವತ್ತು ದಾಟಿದವರಲ್ಲಿ 16 ಮಾತ್ರ. ಮುಂದಿನ ಅಧ್ಯಯನಗಳಲ್ಲಿ ಅಂಕಿ ಅತ್ತಿತ್ತ ಆಗಿದೆ, ದಿಕ್ಕು ಬದಲಾಗಿಲ್ಲ. ಆದರೆ ನಲವತ್ತು ದಾಟಿದವರಿಗೆ ಬೇರೆ ಕಾಟ. ಬೈಕಿನಿಂದ ಬಿದ್ದು ಭುಜ ತಪ್ಪಿಸಿಕೊಂಡ ಐವತ್ತರ ರೈತನಿಗೆ ಕೀಲು ಕೂತ ಮೇಲೂ ಎರಡು ಮೂರು ವಾರ ಕೈ ಮೇಲೇಳದಿದ್ದರೆ, ‘ವಯಸ್ಸಾಯ್ತು, ಹಿಡಿದುಕೊಂಡಿದೆ’ ಎಂದು ಎಣ್ಣೆ ತಿಕ್ಕುತ್ತಾ ಕೂರಬಾರದು. ಆ ವಯಸ್ಸಿನಲ್ಲಿ ಅಂಚಿಗಿಂತ ಭುಜ ಎತ್ತುವ ಸ್ನಾಯುರಜ್ಜುಗಳೇ ಹರಿದಿರುವ ಸಂಭವ ಹೆಚ್ಚು. ತಡಮಾಡಿದರೆ ಅವು ಒಳಕ್ಕೆ ಸರಿದು ಹೊಲಿಯಲು ಸಿಗುವುದಿಲ್ಲ. ಭುಜದ ಹೊರಮೈಯಲ್ಲಿ, ಪೊಲೀಸರು ಪಟ್ಟಿ ಧರಿಸುವ ಜಾಗದಲ್ಲಿ, ಮರಗಟ್ಟಿದಂತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಬೇಕು. ಆ ದಾರಿಯಲ್ಲಿ ಹೋಗುವ ನರ ಎಳೆತಕ್ಕೆ ಸಿಕ್ಕಿರಬಹುದು.

ಬೋರ್‌ವೆಲ್‌ಗಳ ಈ ಜಿಲ್ಲೆಯಲ್ಲಿ ಹೇಳದೆ ಬಿಡಬಾರದ ಇನ್ನೊಂದು ಸಂಗತಿ ಇದೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಟ್ಟಿ ಕರೆಂಟ್ ಹೊಡೆಸಿಕೊಂಡವರಲ್ಲಿ, ಮೂರ್ಛೆ ಬಂದು ಬಿದ್ದವರಲ್ಲಿ ಭುಜ ಮುಂದಕ್ಕಲ್ಲ, ಹಿಂದಕ್ಕೆ ಜಾರಬಹುದು. ಎದುರಿನಿಂದ ತೆಗೆದ ಎಕ್ಸ್‌ರೇಯಲ್ಲಿ ಅದು ಹೆಚ್ಚುಕಮ್ಮಿ ಸರಿಯಾಗಿಯೇ ಕಾಣುವುದರಿಂದ ಮೊದಲ ಭೇಟಿಯಲ್ಲಿ ಕಣ್ತಪ್ಪುವುದು ಸಾಮಾನ್ಯ. ಶಾಕ್ ಹೊಡೆದ ಮೇಲೆ ಅಂಗೈಯನ್ನು ಆಕಾಶಕ್ಕೆ ತಿರುಗಿಸಲು ಆಗುತ್ತಿಲ್ಲವೆಂದರೆ ಪಕ್ಕದಿಂದಲೂ ಎಕ್ಸ್‌ರೇ ತೆಗೆಯಿರಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಇನ್ನು ಮೂರ್ಛೆರೋಗಿಯ ಭುಜವನ್ನು ಎಷ್ಟು ಚೆನ್ನಾಗಿ ಹೊಲಿದರೂ ಮಾತ್ರೆ ಬಿಟ್ಟರೆ ಮುಂದಿನ ಫಿಟ್ಸ್ ಅದನ್ನು ಕಿತ್ತೇ ಕೀಳುತ್ತದೆ. ಮೊದಲು ಮೂರ್ಛೆ ಹತೋಟಿಗೆ ಬರಬೇಕು.

ಈಗ ಕಿಂಡಿಯ ಮಾತು, ಅಂದರೆ ಕೀಲನ್ನು ತೆರೆಯದೆ ಸಣ್ಣ ರಂಧ್ರದ ಮೂಲಕ ಮಾಡುವ ಆಪರೇಷನ್ನಿನದು. 1918ರಲ್ಲಿ ಟೋಕಿಯೊದ ಕೆಂಜಿ ತಕಾಗಿ ಮೂತ್ರಕೋಶ ನೋಡುವ ಕೊಳವೆಯನ್ನು ಶವವೊಂದರ ಮೊಣಕಾಲಿನೊಳಗೆ ತೂರಿಸಿ ನೋಡಿದರು. ನ್ಯೂಯಾರ್ಕಿನ ಮೈಕೆಲ್ ಬರ್ಮನ್ 1931ರಲ್ಲಿ ಶವಗಳ ಭುಜವನ್ನೂ ಹೀಗೇ ಇಣುಕಿದರು. ತಕಾಗಿಯವರ ಶಿಷ್ಯ ಮಸಾಕಿ ವತನಾಬೆ 1962ರಲ್ಲಿ ಇಣುಕುವುದಷ್ಟೇ ಅಲ್ಲ, ಕಿಂಡಿಯಿಂದಲೇ ಮೊಣಕಾಲಿನ ಹರಿದ ಮೆದುಮೂಳೆ ಕತ್ತರಿಸಿ ತೆಗೆದರು. ಭುಜದ ಸರದಿ ಬಂದದ್ದು ತಡವಾಗಿ. 1980ರ ದಶಕದಲ್ಲಿ ಕಿತ್ತ ಅಂಚಿಗೆ ಲೋಹದ ಸ್ಟೇಪಲ್ ಹೊಡೆದು ನೋಡಿದರು. ಅವು ಸಡಿಲವಾಗಿ ಕೀಲಿನೊಳಗೇ ಗೀಚತೊಡಗಿದವು. ಮೂಳೆಯೊಳಗೆ ಕೂತು ದಾರ ಹಿಡಿಯುವ ಪುಟ್ಟ ಆಂಕರ್ ಬಂದ ಮೇಲೆಯೇ, ಅಂದರೆ 1990ರ ದಶಕದಲ್ಲಿ, ಕೆಲಸ ನಂಬಿಕೆಗೆ ಬಂತು.

ಟೇಬಲ್ಲಿನ ಮೇಲೆ ನಡೆಯುವುದು ಹೀಗೆ. ಪೂರ್ತಿ ಅರಿವಳಿಕೆಯ ಜೊತೆಗೆ, ಸಾಮಾನ್ಯವಾಗಿ ಕತ್ತಿನ ಬುಡದಲ್ಲಿ ನರಗಳ ಗೊಂಚಲಿಗೂ ಒಂದು ಇಂಜೆಕ್ಷನ್ ಕೊಡುತ್ತಾರೆ. ಎಚ್ಚರವಾದ ಮೇಲೂ ಹಲವು ಗಂಟೆ ತೋಳು ಜೋಮು ಹಿಡಿದಂತಿರುತ್ತದೆ, ಗಾಬರಿಯಾಗಬೇಕಿಲ್ಲ. ರೋಗಿಯನ್ನು ಪಕ್ಕಕ್ಕೆ ಮಲಗಿಸಿ ತೋಳಿಗೆ ತೂಕ ಕಟ್ಟಿ ಎಳೆದಿಡುತ್ತಾರೆ, ಇಲ್ಲವೇ ಒರಗುಕುರ್ಚಿಯ ಭಂಗಿಯಲ್ಲಿ ಕೂರಿಸುತ್ತಾರೆ. ಭುಜದ ಹಿಂದೆ ಅರ್ಧ ಇಂಚಿಗೂ ಕಡಿಮೆಯ ಗೀರು. ಅದರಿಂದ 4 ಮಿ.ಮೀ. ದಪ್ಪದ ದುರ್ಬೀನು ಒಳಗೆ. ಅದರ ತುದಿ 30 ಡಿಗ್ರಿ ಓರೆಯಾಗಿರುವುದರಿಂದ ತಿರುಗಿಸಿದರೆ ಮೂಲೆಮೂಲೆಯೂ ಪರದೆಯ ಮೇಲೆ ಕಾಣುತ್ತದೆ. ಸಲೈನ್ ಪಂಪ್ ಮಾಡುತ್ತಾ ಕೀಲನ್ನು ಉಬ್ಬಿಸಿ ಇಡುತ್ತಾರೆ. ನೀರಿನ ಒತ್ತಡ ರಕ್ತ ಒಸರದಂತೆಯೂ ತಡೆಯುತ್ತದೆ. ಮುಂದಿನಿಂದ ಇನ್ನೊಂದೆರಡು ಕಿಂಡಿ, ಅವು ಸಲಕರಣೆಗಳಿಗೆ.

ಕಷ್ಟದ ಭಾಗ ಹೊಲಿಗೆಯಲ್ಲ, ಅದಕ್ಕೆ ಮುಂಚಿನದು. ಕಿತ್ತ ಅಂಚು ತಿಂಗಳುಗಟ್ಟಲೆ ಹಾಗೇ ಬಿದ್ದಿದ್ದರೆ ಕೆಳಗೆ ಜಾರಿ ಬೇರೆ ಕಡೆ ಅಂಟಿಕೊಂಡಿರುತ್ತದೆ. ಅದನ್ನು ಮೆಲ್ಲಗೆ ಬಿಡಿಸಿ, ಮೇಲೆ ತೇಲಿ ಬರುವಷ್ಟು ಸಡಿಲ ಮಾಡಬೇಕು. ಮೂಳೆಯ ಅಂಚನ್ನು ರಕ್ತ ಚಿಮ್ಮುವಷ್ಟು ಕೆರೆಯಬೇಕು, ಒಣ ಮೂಳೆಗೆ ಏನೂ ಬೆಸೆಯುವುದಿಲ್ಲ. ಆಮೇಲೆ ಗುಳಿಯ ಅಂಚಿನಲ್ಲಿಯೇ ಸಣ್ಣ ರಂಧ್ರ ಕೊರೆದು ಆಂಕರ್ ಕೂರಿಸಿ, ಅದರ ದಾರವನ್ನು ಅಂಚಿನ ಮೂಲಕ ತೂರಿ, ಕೊಳವೆಯ ಹೊರಗೆ ಹಾಕಿದ ಗಂಟನ್ನು ಒಳಕ್ಕೆ ಜಾರಿಸಿ ಬಿಗಿಯುತ್ತಾರೆ. ಬಲಭುಜವಾದರೆ ಮೂರು ಗಂಟೆಯಿಂದ ಐದೂವರೆ ಗಂಟೆಯ ನಡುವೆ, ಎನ್ನುತ್ತಾರೆ ಸರ್ಜನ್ನರು ಗಡಿಯಾರದ ಲೆಕ್ಕದಲ್ಲಿ. ಸಾಮಾನ್ಯವಾಗಿ ಮೂರು ಆಂಕರ್, ಕೆಲವೊಮ್ಮೆ ಹೆಚ್ಚು. ಲೋಹದ್ದಿರಬಹುದು, ಗಟ್ಟಿ ಪ್ಲಾಸ್ಟಿಕ್ಕಿನದು, ಕರಗುವಂಥದ್ದು, ಬರೀ ದಾರದ್ದೇ ಇರಬಹುದು. ಭುಜ ಸಲೈನಿನಿಂದ ಊದಿಕೊಂಡಿರುವುದನ್ನು ಕಂಡು ಮನೆಯವರು ಹೆದರುತ್ತಾರೆ. ಒಂದೆರಡು ದಿನದಲ್ಲಿ ಇಳಿಯುತ್ತದೆ.

ಕ್ರಿಕೆಟ್ಟಿಗರ ಸುದ್ದಿಯಿಂದ ಈ ಆಪರೇಷನ್ನಿನ ಮಾತು ಎಲ್ಲರ ಕಿವಿಗೂ ಬಿದ್ದಿದೆ. 2021ರ ಮಾರ್ಚ್‌ನಲ್ಲಿ ಪುಣೆಯಲ್ಲಿ ಇಂಗ್ಲೆಂಡ್ ವಿರುದ್ಧ ಫೀಲ್ಡಿಂಗ್ ಮಾಡುವಾಗ ಎಡಭುಜ ಜಾರಿಸಿಕೊಂಡ ಶ್ರೇಯಸ್ ಅಯ್ಯರ್ ಏಪ್ರಿಲ್‌ನಲ್ಲಿ ಆಪರೇಷನ್ ಮಾಡಿಸಿಕೊಂಡು ಸೆಪ್ಟೆಂಬರ್ ಹೊತ್ತಿಗೆ ಐಪಿಎಲ್‌ಗೆ ಮರಳಿದರು. ಮನೆಯವರ ಮೊದಲ ಪ್ರಶ್ನೆ ಆದ್ದರಿಂದ ‘ಎಷ್ಟು ಹೊಲಿಗೆ, ಕಲೆ ಉಳಿಯುತ್ತಾ’ ಎಂಬುದು. ಜಾಹೀರಾತುಗಳೂ ಅದನ್ನೇ ತೋರಿಸುತ್ತವೆ. ನನ್ನ ಪ್ರಕಾರ ಇದು ತಪ್ಪು ಪ್ರಶ್ನೆ. ಕೇಳಬೇಕಾದದ್ದು ಚರ್ಮದ ಗಾಯವನ್ನಲ್ಲ, ಮೂಳೆಯ ಅಂಚು ಎಷ್ಟು ಉಳಿದಿದೆ ಎಂಬುದನ್ನು.

ಏಕೆಂದರೆ ಪ್ರತಿ ಸಲ ಜಾರಿದಾಗಲೂ ನಾರು ಹರಿಯುವುದರ ಜೊತೆಗೆ ಮೂಳೆಯೂ ಸವೆಯುತ್ತದೆ. ಇತ್ತ ಗುಳಿಯ ಮುಂದಿನ ಅಂಚು, ಅತ್ತ ತೋಳುಮೂಳೆಯ ಹಿಂದಿನ ತಗ್ಗು. ಅಮೆರಿಕದ ಬರ್ಖಾರ್ಟ್ ಮತ್ತು ದಕ್ಷಿಣ ಆಫ್ರಿಕದ ಡಿ ಬೀರ್ 2000ದಲ್ಲಿ ಪ್ರಕಟಿಸಿದ ಒಂದು ಲೆಕ್ಕ ಈ ಕ್ಷೇತ್ರವನ್ನೇ ಎಚ್ಚರಿಸಿತು. ಕಿಂಡಿಯ ಮೂಲಕ ಹೊಲಿದ 194 ಭುಜಗಳಲ್ಲಿ, ಮೂಳೆ ನೆಟ್ಟಗಿದ್ದವುಗಳ ಪೈಕಿ ಮತ್ತೆ ಜಾರಿದ್ದು ನೂರಕ್ಕೆ 4. ಮೂಳೆ ದೊಡ್ಡದಾಗಿ ಸವೆದಿದ್ದವುಗಳ ಪೈಕಿ ನೂರಕ್ಕೆ 67. ಅದೇ ಕೈ, ಅದೇ ದಾರ, ಅದೇ ಕಿಂಡಿ. ಗುಳಿಯ ಅಗಲದಲ್ಲಿ ನೂರಕ್ಕೆ 20ರಿಂದ 25 ಭಾಗ ಹೋಗಿದ್ದರೆ ಬರೀ ಹೊಲಿಗೆ ಸಾಲದು ಎಂಬುದು ಬಹುಕಾಲದ ಲೆಕ್ಕ. 2015ರ ನಂತರ ಸುಮಾರು 13.5 ಭಾಗ ಹೋದರೂ ಫಲ ಮಂಕಾಗುತ್ತದೆ ಎಂದು ಗುರುತಿಸಿದ್ದಾರೆ.

ಹಾಗೆ ಸವೆದವರಿಗೆ ಇರುವುದು ಲ್ಯಾಟಾರ್ಜೆ ಆಪರೇಷನ್. ಫ್ರಾನ್ಸಿನ ಲಿಯಾನ್‌ನ ಮಿಷೆಲ್ ಲ್ಯಾಟಾರ್ಜೆ 1954ರಲ್ಲಿ ವಿವರಿಸಿದ್ದು. ಭುಜದ ಮುಂದೆಯೇ ಇರುವ ಕೊಕ್ಕಿನಂಥ ಮೂಳೆಯ ತುಂಡನ್ನು, ಅದಕ್ಕೆ ಅಂಟಿದ ಸ್ನಾಯುಗಳ ಸಮೇತ ಕತ್ತರಿಸಿ ಸವೆದ ಅಂಚಿಗೆ ಎರಡು ಸ್ಕ್ರೂ ಹಾಕಿ ಕೂರಿಸುತ್ತಾರೆ. ಇದನ್ನೂ ಕಿಂಡಿಯಿಂದ ಮಾಡುವವರಿದ್ದಾರೆ, ಆದರೆ ಬಹುಪಾಲು ಸರ್ಜನ್ನರು ಮಾಡುವುದು ತೆರೆದೇ. ಗೀರು ದೊಡ್ಡದು, ಪಕ್ಕದಲ್ಲೇ ನರಗಳಿರುವುದರಿಂದ ಅಪಾಯವೂ ಹೆಚ್ಚು. ಆದರೂ ಸವೆದ ಭುಜಕ್ಕೆ ಅದೇ ಸರಿ. ‘ಅವರು ಕೀಹೋಲ್‌ನಲ್ಲೇ ಮಾಡ್ತಾರಂತೆ’ ಎಂದು ತೆರೆದ ಆಪರೇಷನ್ ಹೇಳಿದ ಡಾಕ್ಟರನ್ನು ಬಿಟ್ಟು ಓಡುವುದು ಜಾಣತನವಲ್ಲ. ಯಾರಿಗೆ ಯಾವುದು ಎಂದು ತೂಗಲು ಫ್ರಾನ್ಸಿನಲ್ಲಿ ಬಾಲ್ಗ್ ಮತ್ತು ಬ್ವಾಲೋ 2007ರಲ್ಲಿ ಹತ್ತು ಅಂಕಗಳ ಲೆಕ್ಕ ಕೊಟ್ಟರು. ಇಪ್ಪತ್ತು ವರ್ಷ ಮೀರದಿದ್ದರೆ ಎರಡು ಅಂಕ, ಪಂದ್ಯಕ್ಕಿಳಿಯುವ ಆಟಗಾರನಾದರೆ ಎರಡು, ಮೈಗೆ ಮೈ ತಾಗುವ ಆಟವಾದರೆ ಅಥವಾ ಕೈ ತಲೆಯ ಮೇಲೆ ಬೀಸುವ ಆಟವಾದರೆ ಒಂದು, ಕೀಲುಗಳೇ ಸಡಿಲ ಜಾಯಮಾನದ್ದಾದರೆ ಒಂದು, ಎಕ್ಸ್‌ರೇಯಲ್ಲಿ ತಲೆಯ ತಗ್ಗು ಕಂಡರೆ ಎರಡು, ಗುಳಿಯ ಅಂಚು ಸವೆದದ್ದು ಕಂಡರೆ ಎರಡು. ಆರಕ್ಕಿಂತ ಹೆಚ್ಚಾದರೆ ಕಿಂಡಿಯ ಹೊಲಿಗೆ ಬೇಡ ಎಂದರು. ಟೂರ್ನಮೆಂಟ್ ಆಡುವ ಹತ್ತೊಂಬತ್ತರ ಕಬಡ್ಡಿ ಹುಡುಗ ಎಕ್ಸ್‌ರೇಗೆ ಮುಂಚೆಯೇ ಐದು ಅಂಕ ಹೊತ್ತು ಬಂದಿರುತ್ತಾನೆ. ಅವನ ಭುಜ ಎರಡನೇ ಸಲ ಜಾರಿದಾಗಲೇ ಸ್ಕ್ಯಾನ್ ಆಗಬೇಕು, ಹದಿನೈದನೇ ಸಲ ಅಲ್ಲ. ಕೆಲವರು ತಮ್ಮ ಭುಜವನ್ನು ತಾವೇ ಕೂರಿಸಿಕೊಳ್ಳುವುದು ಕಲಿತು ಗೆಳೆಯರ ಮುಂದೆ ಜಂಬ ಪಡುತ್ತಾರೆ. ಸುಲಭವಾಗಿ ಕೂರುತ್ತಿದೆಯೆಂದರೆ ತಡೆಯುವ ಅಂಚು ಅಷ್ಟು ಹೋಗಿದೆಯೆಂದೇ ಅರ್ಥ. ಹರಿದ ನಾರು ಎಂಆರ್‌ಐಯಲ್ಲಿ ಕಾಣುತ್ತದೆ. ಸವೆದ ಮೂಳೆಯ ಸರಿಯಾದ ಲೆಕ್ಕ ಸಿ.ಟಿ.ಯಲ್ಲಿ.

ಕೋಲಾರದವರಿಗೆ ದೂರ ದೊಡ್ಡ ಅಡ್ಡಿಯಲ್ಲ. ಭುಜ ಜಾರಿದ ದಿನ ಬೇಕಾದದ್ದು ಎಕ್ಸ್‌ರೇ, ಮಂಪರಿನ ಔಷಧ, ಅನುಭವದ ಕೈ. ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯಿದೆ. ಟಮಕದಲ್ಲಿ 1986ರಲ್ಲಿ ಶುರುವಾದ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆರ್.ಎಲ್. ಜಾಲಪ್ಪ ಆಸ್ಪತ್ರೆಯಿದೆ. ಬೆಂಗಳೂರಿಗೆ ಹೋಗಬೇಕಾದರೆ ಜಯನಗರದ ಸಂಜಯ್ ಗಾಂಧಿ ಸಂಸ್ಥೆ ಮೂಳೆ ಮತ್ತು ಅಪಘಾತ ಚಿಕಿತ್ಸೆಗೆಂದೇ ಇರುವ ಸರ್ಕಾರಿ ಆಸ್ಪತ್ರೆ. ಹಣದ ವಿಷಯಕ್ಕೆ ಬಂದರೆ, 2018ರಿಂದ ಇರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜಿನ ನೂರಕ್ಕೆ 30 ಭಾಗ. ಡೇರಿಗೆ ಹಾಲು ಹಾಕುವ ಸಹಕಾರ ಸಂಘದ ಸದಸ್ಯರಿಗೆ ಮತ್ತೆ ಶುರುವಾಗಿರುವ ಯಶಸ್ವಿನಿ ಇದೆ. ಖರ್ಚು ಏರುವುದು ಆಂಕರ್‌ಗಳಿಂದ. ಒಂದೊಂದಕ್ಕೂ ಸಾವಿರಾರು ರೂಪಾಯಿ. ಎಷ್ಟು ಆಂಕರ್ ಬೇಕಾಗಬಹುದು, ಯೋಜನೆಯ ಪ್ಯಾಕೇಜಿನಲ್ಲಿ ಅವು ಸೇರಿವೆಯೇ ಎಂದು ಸೇರುವ ಮುಂಚೆಯೇ ಬರೆಸಿಕೊಳ್ಳುವುದು ಒಳ್ಳೆಯದು.

ನಿಜವಾದ ಬೆಲೆ ಬಿಲ್ಲಿನಲ್ಲಿ ಕಾಣುವುದಿಲ್ಲ. ಕಿಂಡಿ ಹತ್ತು ಹನ್ನೆರಡು ದಿನದಲ್ಲಿ ಮಾಯುತ್ತದೆ, ನಾರು ಮೂಳೆಗೆ ಬೆಸೆಯಲು ತನ್ನ ಕಾಲ ತೆಗೆದುಕೊಂಡೇ ತೀರುತ್ತದೆ. ನಾಲ್ಕು ವಾರದ ಆಸುಪಾಸು ತೋಳು ಜೋಳಿಗೆಯಲ್ಲಿ. ಬೆರಳು, ಮಣಿಕಟ್ಟು, ಮೊಣಕೈ ಮಾತ್ರ ಆಡಿಸುವುದು. ಒಂದೂವರೆ ಎರಡು ತಿಂಗಳವರೆಗೆ ಬೈಕ್ ಇಲ್ಲ. ಮೂರು ತಿಂಗಳ ಹೊತ್ತಿಗೆ ಬಲ ತುಂಬುವ ವ್ಯಾಯಾಮ. ಕಬಡ್ಡಿ, ಬಾಕ್ಸ್ ಎಸೆತ, ರೋಲಿಂಗ್ ಶಟರ್ ಎಳೆಯುವುದು ಆರು ತಿಂಗಳ ಮಾತು. ಇಲ್ಲಿ ಸೋಲುವವರೇ ಹೆಚ್ಚು, ಏಕೆಂದರೆ ಎರಡನೇ ತಿಂಗಳಿಗೆ ನೋವೇ ಇರುವುದಿಲ್ಲ. ಫಿಸಿಯೊಥೆರಪಿಗೆ ಹೋಗಿಬರುವ ಬಸ್‌ಚಾರ್ಜು ದಂಡ ಎನಿಸುತ್ತದೆ. ಆ ಬಸ್ಸಿನಲ್ಲೂ ಮೇಲಿನ ಕಂಬಿಯನ್ನು ಇನ್ನೊಂದು ಕೈಯಲ್ಲೇ ಹಿಡಿಯಬೇಕು.

ಮಾಲೂರಿನ ಕೈಗಾರಿಕಾ ಪ್ರದೇಶದಲ್ಲೋ ನರಸಾಪುರದಲ್ಲೋ ಇಎಸ್‌ಐ ಕಟ್ಟುತ್ತಿರುವ ಕಾರ್ಮಿಕನಿಗೆ ಕಾಯಿಲೆ ರಜೆಯಲ್ಲಿ ವರ್ಷಕ್ಕೆ 91 ದಿನದವರೆಗೆ ಕೂಲಿಯ ನೂರಕ್ಕೆ 70 ಭಾಗ ಸಿಗುತ್ತದೆ, ಮೊದಲ ಮೂರು ತಿಂಗಳು ಹೇಗೋ ಕಳೆಯುತ್ತದೆ. ಮಂಡಿಯ ಹಮಾಲಿಗೆ, ತೋಪಿನ ಆಳಿಗೆ ಅದೂ ಇಲ್ಲ. ಅವರ ಲೆಕ್ಕ ಸುಗ್ಗಿಯದು. ಶ್ರೀನಿವಾಸಪುರದಲ್ಲಿ ಮಾವು ಕೀಳುವುದು ಮೇ ತಿಂಗಳಿಂದ ಬಿರುಸಾಗುತ್ತದೆ. ಸುಗ್ಗಿ ಮುಗಿಯಲಿ ಎಂದು ಆಗಸ್ಟ್‌ವರೆಗೆ ಕಾದು, ಆಮೇಲೆ ದಸರಾ ಕಳೆಯಲಿ ಎನ್ನುವವರ ತಡಕ್ಕೆ ಕೊನೆಯಿಲ್ಲ. ನವೆಂಬರ್‌ನಲ್ಲಿ ಮಾಡಿಸಿಕೊಂಡರೆ ಮುಂದಿನ ದೋಟಿಗೆ ಭುಜ ಸಿದ್ಧವಿರುತ್ತದೆ. ಜನವರಿಗೆ ಹೋದರೆ ಆ ವರ್ಷದ ತೋತಾಪುರಿಯ ಮೊದಲ ಕೊಯ್ಲನ್ನು ಬೇರೆಯವರು ಕೀಳಬೇಕು.